ಡೆಕ್ಕಿನಡಿಯ ಹುಲ್ಲು: ಕಾವಲು ಅಂಚಿನಲ್ಲಿರಲಿ

ಅಮೆರಿಕದಲ್ಲಿ ಮನೆ ಕೊಂಡವರಿಗೆ ಹಿತ್ತಲಿನ ಡೆಕ್ ಮೇಲಿರುವ ಅಕ್ಕರೆ ಅದರ ಅಡಿಯ ಜಾಗದ ಮೇಲಿರುವುದಿಲ್ಲ. ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಹಲಗೆ ಹಾಸಿ ಮನೆಯ ಹಿಂಗೋಡೆಗೆ ಸೇರಿಸಿ ಕಟ್ಟುವ ಈ ಮರದ ಜಗಲಿಯಲ್ಲಿ ಗ್ರಿಲ್ಲು, ಕುರ್ಚಿ, ತುಳಸಿಯ ಕುಂಡ ಎಲ್ಲಕ್ಕೂ ಜಾಗವಿದೆ. ಬೇಸಿಗೆಗೆ ಊರಿನಿಂದ ಬಂದ ಅಪ್ಪ ಅಮ್ಮ ಕಾಫಿ ಹಿಡಿದು ಕೂರುವುದೂ ಅಲ್ಲೇ. ಕೆಳಗಿರುವುದು ಹಳೆಯ ಹೋಸ್ ಪೈಪು, ಮಕ್ಕಳ ಒಡೆದ ಸ್ಲೆಡ್ಡು, ಜೊತೆಗೆ ಜೂನ್ ಹೊತ್ತಿಗೆ ಹಲಗೆಗಳ ಸಂದಿಯಿಂದ ಇಣುಕುವ ಹುಲ್ಲು. ಮೇ ತಿಂಗಳಲ್ಲಿ ಕಿತ್ತದ್ದು ಜುಲೈಗೆ ಮತ್ತೆ ಹಾಜರ್.

ಹೀಗಾಗುವುದಕ್ಕೆ ಕಾರಣ ಸರಳ. ಡೆಕ್ಕಿನ ಅಡಿಯ ಹುಲ್ಲು ಬಹುಮಟ್ಟಿಗೆ ಅಲ್ಲೇ ಹುಟ್ಟಿ ಅಲ್ಲೇ ಬಾಳುವಂಥದ್ದಲ್ಲ. ಪಕ್ಕದ ಲಾನಿನಲ್ಲಿ ಬಿಸಿಲು ಕುಡಿದು, ಗೊಬ್ಬರ ತಿಂದು, ಅಲ್ಲಿಂದ ಬಳ್ಳಿಯನ್ನೋ ಬೇರನ್ನೋ ಬೀಜವನ್ನೋ ನೆರಳಿಗೆ ಕಳಿಸಿಕೊಂಡು ಬರುವಂಥದ್ದು. ಆದ್ದರಿಂದ ಡೆಕ್ಕಿನ ಕೆಳಗೆ ಮಂಡಿಯೂರಿ ಮಾಡುವ ಕೆಲಸಕ್ಕಿಂತ ಅದರ ಅಂಚಿನಲ್ಲಿ ನಿಂತು ಮಾಡುವ ಕೆಲಸಕ್ಕೆ ಹೆಚ್ಚು ಫಲ.

"ಬಿಸಿಲೇ ಬೀಳದ ಕಡೆ ಹುಲ್ಲು ಹೇಗೆ ಬರುತ್ತೆ?" ಎಂದು ಕೇಳುವವರು ಒಮ್ಮೆ ಸಂಜೆ ಐದರ ಹೊತ್ತಿಗೆ ಹಿತ್ತಲಿಗೆ ಹೋಗಿ ನೋಡಬೇಕು. ಪಶ್ಚಿಮಕ್ಕೆ ತೆರೆದ ಡೆಕ್ ಆದರೆ ಓರೆ ಬಿಸಿಲು ಎಷ್ಟೋ ಅಡಿ ಒಳಕ್ಕೆ ಹೋಗಿರುತ್ತದೆ. ಹಲಗೆಗಳ ನಡುವೆ ನೀರಿಳಿಯಲೆಂದು ಬಿಡುವ ಸಂದಿ ಸಾಮಾನ್ಯವಾಗಿ 3ರಿಂದ 6 ಮಿಲಿಮೀಟರ್. ಅಲ್ಲಿಂದ ಇಳಿಯುವ ಬೆಳಕು ಕಡಿಮೆ, ನೀರು ಮಾತ್ರ ಧಾರಾಳ. ಮಳೆಯಷ್ಟೂ ಕೆಳಗೇ ಬೀಳುತ್ತದೆ, ನೆರಳಿನಲ್ಲಿ ಬೇಗ ಆರುವುದೂ ಇಲ್ಲ. ಮನೆಯ ಸೂರಿನ ನೀರಿಳಿಯುವ ಪೈಪಿನ ಬಾಯಿ ಡೆಕ್ಕಿನಡಿಗೇ ತೆರೆದಿದ್ದರಂತೂ ಅಲ್ಲಿ ವರ್ಷವಿಡೀ ಹಸಿ. ಆ ಪೈಪನ್ನು ಉದ್ದ ಮಾಡಿ ನೀರನ್ನು ದೂರ ಒಯ್ಯುವುದು ಕಡಿಮೆ ಖರ್ಚಿನ ಮೊದಲ ಮದ್ದು.

ಎಲ್ಲ ಡೆಕ್ಕಿನಡಿಯ ಹುಲ್ಲನ್ನೂ ತೆಗೆಯಲೇಬೇಕೆಂದಿಲ್ಲ. ಡೆಕ್ ಎಂಟು ಅಡಿ ಎತ್ತರವಿದ್ದು, ಕೆಳಗೆ ಆಳು ಓಡಾಡುವಂತಿದ್ದು, ಹುಲ್ಲು ಅಲ್ಲಲ್ಲಿ ತೆಳ್ಳಗಿದ್ದರೆ ಆಗಾಗ ಕತ್ತರಿಸಿಕೊಂಡಿದ್ದರೆ ಸಾಕು. ಮಣ್ಣು ಕೊಚ್ಚಿಹೋಗದಂತೆ ಹಿಡಿದಿಡುವುದಾದರೂ ಆಗುತ್ತದೆ. ತೊಂದರೆ ಕೊಡುವುದು ಎರಡು ಮೂರು ಅಡಿ ಎತ್ತರದ, ಇಲ್ಲವೇ ಅದಕ್ಕೂ ತಗ್ಗಿನ ಡೆಕ್ಕುಗಳು. ಅಲ್ಲಿ ಹುಲ್ಲು ತೊಲೆಗೆ ತಾಗುತ್ತದೆ, ಗಾಳಿಯಾಡಲು ಬಿಡುವುದಿಲ್ಲ, ಮರ ಒದ್ದೆಯಾಗಿಯೇ ಉಳಿಯುತ್ತದೆ. ಮರದ ತೇವ ಶೇಕಡಾ 20ರ ಒಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯಲಾರದು, ಅದನ್ನು ಮೀರಿದರೆ ಕೊಳೆತಕ್ಕೆ ದಾರಿಯಾಗುತ್ತದೆ. ಈಶಾನ್ಯ ರಾಜ್ಯಗಳಲ್ಲಿ ಇದರ ಜೊತೆಗೆ ಉಣ್ಣೆಯ ಭಯ. ಲೈಮ್ ಕಾಯಿಲೆ ಹರಡುವ ಕಪ್ಪುಕಾಲಿನ ಉಣ್ಣೆಗೆ ನೆರಳು, ತೇವ, ಎತ್ತರದ ಹುಲ್ಲು ಮೂರೂ ಇಷ್ಟ. ಪಶ್ಚಿಮದ ಒಣ ರಾಜ್ಯಗಳಲ್ಲಿ ಭಯ ಬೆಂಕಿಯದು. ಕಾಡ್ಗಿಚ್ಚಿನಿಂದ ಹಾರಿಬಂದ ಕೆಂಡ ಡೆಕ್ಕಿನಡಿಯ ಒಣಹುಲ್ಲಿಗೆ ಬಿದ್ದರೆ ಮೇಲಿರುವುದು ಒಣಗಿದ ಹಲಗೆ, ಅದರ ಪಕ್ಕದಲ್ಲೇ ಮನೆಯ ಗೋಡೆ. ಬೆಂಕಿಯ ಅಪಾಯ ಹೆಚ್ಚಿರುವ ಪ್ರದೇಶಗಳಲ್ಲಿ ಮನೆಯ ಸುತ್ತಲಿನ ಮೊದಲ 5 ಅಡಿಯನ್ನು ಕೆಂಡ ಹೊತ್ತಿಕೊಳ್ಳದ ಪಟ್ಟಿಯಾಗಿ ಇಡಬೇಕೆಂದು ಕ್ಯಾಲಿಫೋರ್ನಿಯಾ 2020ರಲ್ಲಿ ಕಾನೂನು ಮಾಡಿದ್ದು ಇಂಥ ಕಾರಣಕ್ಕೇ. ಅಲ್ಲಿರುವವರು ಡೆಕ್ಕಿನಡಿಯ ಹುಲ್ಲನ್ನು ಅಂದಚಂದದ ವಿಷಯವೆಂದು ಮುಂದೂಡಬಾರದು.

ಮೊದಲು ಗುರುತು ಹಿಡಿಯಿರಿ

ಅಂಗಡಿಗೆ ಓಡುವ ಮೊದಲು ಒಂದು ಬುಡ ಕಿತ್ತು ಕೈಯಲ್ಲಿ ಹಿಡಿದು ನೋಡುವುದು ಒಳ್ಳೆಯದು. ಯಾವ ಹುಲ್ಲು ಎಂಬುದರ ಮೇಲೆ ಕೆಲಸ ಒಂದು ಮಧ್ಯಾಹ್ನದ್ದೋ ಎರಡು ವರ್ಷದ್ದೋ ಎಂಬುದು ನಿರ್ಧಾರವಾಗುತ್ತದೆ.

ಟೆಕ್ಸಸ್, ಜಾರ್ಜಿಯಾ, ಕ್ಯಾರೊಲಿನಾ, ಅರಿಜೋನಾ ಕಡೆಯವರ ಕೈಗೆ ಬರುವುದು ಬಹುಶಃ ಬರ್ಮುಡಾ ಹುಲ್ಲು. ಅದು ನಮ್ಮ ಗರಿಕೆಯೇ, ಬೇರೆ ಏನೂ ಅಲ್ಲ. ಊರಿನಲ್ಲಿ ಚೌತಿಗೆ ಹುಡುಕಿಕೊಂಡು ಹೋಗಿ ತರುವುದನ್ನು ಇಲ್ಲಿ ಕೀಳಲು ದುಡ್ಡು ಕೊಡುತ್ತೇವೆ. ನೆಲದ ಮೇಲೆ ಗಂಟು ಗಂಟಿಗೂ ಬೇರು ಬಿಡುವ ಬಳ್ಳಿ, ನೆಲದ ಒಳಗೆ ಬಿಳಿಯ ಚೂಪಾದ ಕಾಂಡ, ಎರಡರಿಂದಲೂ ಇದು ಹಬ್ಬುತ್ತದೆ. ಕೊಯ್ದು ಬಿಟ್ಟ ತುಂಡೂ ಚಿಗುರುತ್ತದೆ. ಇದರ ದೌರ್ಬಲ್ಯ ಒಂದೇ, ನೆರಳು. ಬಿಸಿಲಿಲ್ಲದೆ ಗರಿಕೆ ಬಹುಕಾಲ ಬಾಳುವುದಿಲ್ಲ. ಹಾಗಾದರೆ ಡೆಕ್ಕಿನಡಿ ಹೇಗೆ ಬದುಕಿದೆ? ಲಾನಿನಲ್ಲಿರುವ ತಾಯಿಬುಡ ಬಳ್ಳಿಯ ಮೂಲಕ ಅದಕ್ಕೆ ಉಣಿಸುತ್ತಿರುತ್ತದೆ. ಆ ಬಳ್ಳಿಯನ್ನು ಅಂಚಿನಲ್ಲಿ ಕಡಿದರೆ ಒಳಗಿನದರ ಅನ್ನ ನಿಂತಂತೆ. ಪೂಜೆಗೆ ಬೇಕೆನ್ನುವವರು ನಾಲ್ಕು ಬುಡ ಕುಂಡದಲ್ಲಿ ಇಟ್ಟುಕೊಳ್ಳಲಿ. ಕುಂಡವನ್ನು ಮಣ್ಣಿನ ಮೇಲಿಡದೆ ಸಿಮೆಂಟಿನ ಮೇಲೆ ಇಡಬೇಕು, ಇಲ್ಲದಿದ್ದರೆ ತಳದ ತೂತಿನಿಂದ ಇಳಿದು ಹೊರಟುಬಿಡುತ್ತದೆ.

ವರ್ಜೀನಿಯಾ, ಮೇರಿಲ್ಯಾಂಡ್, ಪೆನ್ಸಿಲ್ವೇನಿಯಾ, ನ್ಯೂಜೆರ್ಸಿಯವರ ಡೆಕ್ಕಿನಡಿ ಕಾಣುವ ಇನ್ನೊಂದು ಹುಲ್ಲು ಇದಕ್ಕೆ ತದ್ವಿರುದ್ಧ. ಎಳೆಬಿದಿರಿನಂಥ ಅಗಲ ಎಲೆ, ಎಲೆಯ ನಡುವೆ ಬೆಳ್ಳಿಬಣ್ಣದ ಗೆರೆ, ಎಳೆದರೆ ಸಲೀಸಾಗಿ ಬರುವ ಬೇರು. ಜಪಾನೀಸ್ ಸ್ಟಿಲ್ಟ್‌ಗ್ರಾಸ್ ಎಂಬ ಹೆಸರಿನ ಈ ಏಷ್ಯಾದ ಹುಲ್ಲು ಅಮೆರಿಕದಲ್ಲಿ ಮೊದಲು ದಾಖಲಾದದ್ದು 1919ರಲ್ಲಿ, ಟೆನ್ನೆಸಿಯಲ್ಲಿ. ಚೀನಾದಿಂದ ಬರುತ್ತಿದ್ದ ಪಿಂಗಾಣಿ ಸಾಮಾನು ಒಡೆಯದಿರಲೆಂದು ಪೆಟ್ಟಿಗೆಗೆ ತುಂಬುತ್ತಿದ್ದ ಒಣಹುಲ್ಲಿನ ಜೊತೆ ಬಂದಿರಬೇಕೆಂದು ಊಹೆ. ಇದಕ್ಕೆ ನೆರಳೆಂದರೆ ಹಬ್ಬ. ಆದರೆ ಇದು ಒಂದೇ ವರ್ಷದ ಗಿಡ, ಬೀಜ ಉದುರಿಸಿ ಸಾಯುತ್ತದೆ. ಆಗಸ್ಟ್ ಕೊನೆಯಲ್ಲಿ, ಹೂ ಬಿಡುವ ಹೊತ್ತಿಗೆ ಸರಿಯಾಗಿ ಬುಡಕ್ಕೆ ಕೊಯ್ದರೆ ಮತ್ತೆ ಚಿಗುರಿ ಬೀಜ ಕಟ್ಟಲು ಅದಕ್ಕೆ ಸಮಯವಿರುವುದಿಲ್ಲ. ಜೂನ್‌ನಲ್ಲೇ ಉತ್ಸಾಹದಿಂದ ಕೊಯ್ದರೆ ಬುಡದಿಂದ ಇನ್ನಷ್ಟು ಕವಲೊಡೆದು, ನೆಲದ ಹತ್ತಿರವೇ ಹೂ ಬಿಟ್ಟು ಮುಗಿಸುತ್ತದೆ. ಮಣ್ಣಿನಲ್ಲಿ ಉಳಿದ ಬೀಜ ಕೆಲವು ವರ್ಷ ಜೀವಂತವಿರುವುದರಿಂದ ಒಂದೇ ವರ್ಷಕ್ಕೆ ಗೆದ್ದೆವೆಂದುಕೊಳ್ಳಬೇಡಿ.

ಮೂರನೆಯದು ನಿಜವಾದ ತಲೆನೋವು. ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿ. ಮೂರು ಮೂಲೆ ತಾಗಿದರೆ ಅದು ಹುಲ್ಲೇ ಅಲ್ಲ, ಜೇಕಿನ ಜಾತಿ. ಇಲ್ಲಿ ಇದನ್ನು ನಟ್‌ಸೆಜ್ ಎನ್ನುತ್ತಾರೆ. ದಕ್ಷಿಣದ ರಾಜ್ಯಗಳಲ್ಲಿ ಕಾಣುವ ನೇರಳೆ ಹೂಗೊಂಚಲಿನದು ನಮ್ಮ ಹೊಲಗಳ ಕೊನ್ನಾರಿಯೇ. ಹಳದಿ ಹೂವಿನದು ಅದರ ದಾಯಾದಿ, ಉತ್ತರದಲ್ಲೂ ಇದೆ. ಕೊನ್ನಾರಿ ಗಡ್ಡೆಯ ಜೊತೆ ಹೆಣಗಿದ ರೈತರ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲಿನದನ್ನು ಕಿತ್ತರೆ ಗಡ್ಡೆ ಕೆಳಗೇ ಉಳಿಯುತ್ತದೆ, ಒಂದು ಕಡೆ ಕಿತ್ತರೆ ನಾಲ್ಕು ಕಡೆ ಏಳುತ್ತದೆ. ಸೂಜಿಯಂಥ ಮೊಳಕೆ ಪ್ಲಾಸ್ಟಿಕ್ ಹಾಳೆಯನ್ನೂ ಚುಚ್ಚಿಕೊಂಡು ಬರುತ್ತದೆ. ಇದು ಕಂಡರೆ ನೀರು ನಿಲ್ಲುತ್ತಿರುವ ಜಾಗ ಎಲ್ಲಿದೆಯೆಂದು ಹುಡುಕಬೇಕು; ತೇವದ ನೆಲ ಅದಕ್ಕೆ ತವರು.

ಉತ್ತರದ ಸಾಮಾನ್ಯ ಲಾನು ಹುಲ್ಲುಗಳಾದ ಫೆಸ್ಕ್ಯೂ, ಕೆಂಟಕಿ ಬ್ಲೂಗ್ರಾಸ್ ಇವುಗಳ ಮುಂದೆ ಸಾಧುಗಳು. ಗುದ್ದಲಿಗೆ ಬಗ್ಗುತ್ತವೆ.

ಒಳಗೆ ತೂರುವ ಮುನ್ನ

ಡೆಕ್ಕಿನಡಿ ಮನುಷ್ಯರಿಗಿಂತ ಮೊದಲೇ ಬೇರೆಯವರು ವಾಸವಾಗಿರುತ್ತಾರೆ. ಕಡಜಗಳು ನೆಲದೊಳಗೆ ಗೂಡು ಕಟ್ಟುತ್ತವೆ, ಆಗಸ್ಟ್ ಸೆಪ್ಟೆಂಬರಿನಲ್ಲಿ ಗೂಡು ದೊಡ್ಡದಾಗಿರುತ್ತದೆ, ಸಿಟ್ಟೂ ಹೆಚ್ಚಿರುತ್ತದೆ. ದಕ್ಷಿಣದಲ್ಲಿ ಕಾಪರ್‌ಹೆಡ್ ಹಾವು, ಬ್ಲ್ಯಾಕ್ ವಿಡೋ ಜೇಡ, ಎಲ್ಲೆಡೆ ಸ್ಕಂಕು. ಹತ್ತು ನಿಮಿಷ ದೂರದಲ್ಲಿ ನಿಂತು ಯಾವುದಾದರೂ ಒಂದೇ ತೂತಿಗೆ ಹುಳುಗಳು ಬಂದು ಹೋಗಿ ಮಾಡುತ್ತಿವೆಯೇ ಎಂದು ಗಮನಿಸಿ, ಉದ್ದ ಕೋಲಿನಿಂದ ಹುಲ್ಲನ್ನು ಕೆದಕಿ, ಆಮೇಲೆ ಒಳಗೆ ಹೋಗಿ. ಕೆಲಸಕ್ಕೆ ಒಳ್ಳೆಯ ಕಾಲ ವಸಂತದ ಮೊದಲ ವಾರಗಳು: ನೆಲ ಮೆದುವಾಗಿರುತ್ತದೆ, ಹುಲ್ಲು ಇನ್ನೂ ಎಳೆಯದು, ಹುಳುಹುಪ್ಪಟೆಯೂ ಕಡಿಮೆ.

ಮೂರು ಮೂರು ಎಲೆಯ ಬಳ್ಳಿ ಕಂಡರೆ ಕೈ ಹಿಂದಕ್ಕೆ. ಪಾಯಿಸನ್ ಐವಿ ನಮ್ಮ ಗೇರು, ಮಾವಿನ ಕುಟುಂಬಕ್ಕೇ ಸೇರಿದ ಗಿಡ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಚರ್ಮ ಸುಟ್ಟುಕೊಂಡ ಕರಾವಳಿಯವರಿಗೆ ಅದರ ರಸ ಏನು ಮಾಡೀತೆಂದು ಅಂದಾಜಿರುತ್ತದೆ. ಕಿತ್ತ ಬಳ್ಳಿಯನ್ನು ಸುಡುವಂತೆಯೇ ಇಲ್ಲ, ಹೊಗೆ ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ ಗತಿ.

ಇನ್ನೊಂದು ಎಚ್ಚರಿಕೆ ಕಣ್ಣಿಗೆ ಕಾಣದ್ದು. 2003ರ ಕೊನೆಯವರೆಗೆ ಅಮೆರಿಕದ ಮನೆಗಳ ಡೆಕ್ಕಿಗೆ ಬಳಸುತ್ತಿದ್ದ ಸಂಸ್ಕರಿಸಿದ ಮರದಲ್ಲಿ ಹೆಚ್ಚಿನದು ಕ್ರೋಮಿಯಂ, ತಾಮ್ರ, ಆರ್ಸೆನಿಕ್ ಕುಡಿಸಿದ್ದು. ಆಮೇಲೆ ಮನೆಬಳಕೆಗೆ ಅದರ ತಯಾರಿಕೆ ನಿಂತಿತು, ಕಟ್ಟಿದ ಡೆಕ್ಕುಗಳು ನಿಂತೇ ಇವೆ. ಅದಕ್ಕೂ ಹಿಂದೆ ಕಟ್ಟಿದ ಡೆಕ್ ನಿಮ್ಮದಾಗಿದ್ದರೆ, ಮಳೆನೀರಿನೊಂದಿಗೆ ಒಂದಷ್ಟು ಆರ್ಸೆನಿಕ್ ಕೆಳಗಿನ ಮಣ್ಣಿಗೆ ಇಳಿದಿರುತ್ತದೆ ಎಂದೇ ಇಟ್ಟುಕೊಳ್ಳಿ. ಗ್ಲೌಸು, ಮಾಸ್ಕು ಹಾಕಿಕೊಳ್ಳಿ, ಒಣಮಣ್ಣನ್ನು ಧೂಳೆಬ್ಬಿಸದೆ ತುಸು ನೀರು ಚಿಮುಕಿಸಿ ಅಗೆಯಿರಿ, ಮಕ್ಕಳನ್ನು ದೂರವಿಡಿ. ತೆಗೆದ ಮಣ್ಣನ್ನು ಬಸಳೆ, ಮೆಂತ್ಯ, ಕೆಸುವಿನ ಪಾತಿಗೆ ಹಾಕಬೇಡಿ. "ಮಣ್ಣು ಚೆನ್ನಾಗಿ ಕಪ್ಪಗಿದೆ, ಸುಮ್ಮನೆ ಚೆಲ್ಲೋದ್ಯಾಕೆ?" ಎಂದು ಅಮ್ಮ ಕೇಳುತ್ತಾರೆ, ಅವರಿಗೆ ಮೊದಲೇ ಹೇಳಿಡಿ.

ಎಷ್ಟೇ ಆಳವಿರಲಿ, ಅಗೆಯುವ ಮೊದಲು 811ಕ್ಕೆ ಫೋನ್ ಮಾಡಬೇಕು. 2007ರಿಂದ ಇಡೀ ದೇಶಕ್ಕೆ ಇದೊಂದೇ ನಂಬರು. ಕೆಲವು ದಿನಗಳಲ್ಲಿ ಬಂದು ಗ್ಯಾಸು, ವಿದ್ಯುತ್ತು, ಕೇಬಲ್ ಎಲ್ಲಿ ಹೋಗಿವೆಯೆಂದು ಬಣ್ಣದಲ್ಲಿ ಗೆರೆ ಎಳೆದು ಹೋಗುತ್ತಾರೆ. ದುಡ್ಡು ಕೊಡಬೇಕಿಲ್ಲ. ಗ್ರಿಲ್ಲಿಗೆಂದು ಹಿಂದಿನ ಮಾಲೀಕರು ಎಳೆಸಿಕೊಂಡ ಖಾಸಗಿ ಗ್ಯಾಸ್ ಪೈಪು ಮಾತ್ರ ಆ ಗೆರೆಯಲ್ಲಿ ಬರುವುದಿಲ್ಲ. ಅದನ್ನು ನೀವೇ ಮೀಟರಿನಿಂದ ಹುಡುಕಿಕೊಂಡು ಬರಬೇಕು.

ಮಾಡಬಾರದ್ದು

ಮಾಡಬೇಕಾದ್ದಕ್ಕಿಂತ ಮೊದಲು ಇದನ್ನೇ ಹೇಳಬೇಕು. ಹಿತ್ತಲ ಮದ್ದುಗಳ ಬಗ್ಗೆ ಸಲಹೆ ಕೊಡುವವರಿಗೆ ಡೆಕ್ ಎಂಬುದು ಮರ ಮತ್ತು ಕಬ್ಬಿಣದ ಕಟ್ಟಡ ಎಂಬುದೇ ಮರೆತುಹೋಗಿರುತ್ತದೆ.

ಉಪ್ಪು ಬೇಡವೇ ಬೇಡ. ಹುಲ್ಲು ಸಾಯುವುದು ನಿಜ. ಅದರ ಜೊತೆ ಪಕ್ಕದ ಗಿಡಗಳೂ ಸಾಯುತ್ತವೆ, ಉಪ್ಪು ನೀರಿನೊಂದಿಗೆ ಸರಿಯುತ್ತಾ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಈಗಿನ ಸಂಸ್ಕರಿಸಿದ ಮರದಲ್ಲಿ ತಾಮ್ರದ ಅಂಶ ಜಾಸ್ತಿ. ಅದಕ್ಕೆ ತಾಗಿಕೊಂಡಿರುವ ಉಕ್ಕಿನ ಮೊಳೆ, ಬೋಲ್ಟು, ತೊಲೆ ಹಿಡಿದಿರುವ ತಗಡುಗಳಿಗೆ ತುಕ್ಕಿನ ಕಾಟ ಮೊದಲೇ ಇದೆ. ಅದಕ್ಕೆ ಉಪ್ಪನ್ನೂ ಸೇರಿಸಿದರೆ ಹುಲ್ಲಿಗೆ ಮೊದಲು ಡೆಕ್ಕೇ ಸಡಿಲವಾಗಬಹುದು.

ಅಡುಗೆಮನೆಯ ವಿನೆಗರ್ ಶೇಕಡಾ 5ರ ಆಮ್ಲ. ಎಳೆಯ ಸಸಿಯ ಎಲೆ ಕರಟುತ್ತದೆ, ಬಲಿತ ಹುಲ್ಲಿನ ಬೇರಿಗೆ ಏನೂ ಆಗುವುದಿಲ್ಲ. ತೋಟಗಾರಿಕೆಗೆಂದು ಮಾರುವ ಶೇಕಡಾ 20ರದ್ದು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ತಗ್ಗಿನ ಜಾಗದಲ್ಲಿ ಬೋರಲು ಮಲಗಿ ತಲೆಯ ಮಟ್ಟದಲ್ಲಿ ಅದನ್ನು ಸಿಂಪಡಿಸುವುದು ಹುಚ್ಚುತನ. ಗ್ಯಾಸ್ ಟಾರ್ಚಿನಿಂದ ಕಳೆ ಸುಡುವ ಉಪಕರಣವೂ ಸಿಗುತ್ತದೆ; ಮರದ ಡೆಕ್ಕಿನಡಿ ಅದನ್ನು ಹೊತ್ತಿಸಿದವರಿಗೆ ಹುಲ್ಲಿನ ಚಿಂತೆ ಉಳಿಯುವುದಿಲ್ಲ, ವಿಮೆಯ ಚಿಂತೆ ಶುರುವಾಗುತ್ತದೆ.

ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಬಿಸಿಲಿನ ಶಾಖದಲ್ಲಿ ಕಳೆಬೀಜವನ್ನು ಬೇಯಿಸುವ ವಿಧಾನ ಬಯಲಿಗೆ ಸರಿ. ಡೆಕ್ಕಿನಡಿ ಬೇಯಿಸುವಷ್ಟು ಬಿಸಿಲಿಲ್ಲ, ಅಲ್ಲಿ ಅದು ಹಸಿರುಮನೆಯಾಗಿ ಹುಲ್ಲನ್ನು ಸಾಕುತ್ತದೆ. ಕಪ್ಪು ಟಾರ್ಪಾಲು ಬೇರೆ ಮಾತು. ಶಾಖವಿಲ್ಲದಿದ್ದರೂ ಕತ್ತಲೆ ಕೆಲಸ ಮಾಡುತ್ತದೆ. ನಿಧಾನಕ್ಕೆ, ಒಂದು ಪೂರ್ತಿ ಬೇಸಿಗೆ ಹಿಡಿಯುತ್ತದೆ. ಆಮೇಲೆ ಅದನ್ನು ತೆಗೆದುಬಿಡಬೇಕು. ಶಾಶ್ವತವಾಗಿ ಬಿಟ್ಟರೆ ಸಂದಿಯಿಂದ ಇಳಿದ ನೀರು ಅದರ ಮೇಲೆ ಹೊಂಡವಾಗಿ ನಿಂತು ಸೊಳ್ಳೆ ಸಾಕುತ್ತದೆ, ಮೇಲೆದ್ದ ತೇವ ತೊಲೆಯನ್ನು ಒದ್ದೆಯಾಗಿಡುತ್ತದೆ. 1999ರಲ್ಲಿ ನ್ಯೂಯಾರ್ಕಿನಲ್ಲಿ ಕಾಣಿಸಿಕೊಂಡ ವೆಸ್ಟ್ ನೈಲ್ ವೈರಸ್ ಈಗ ದೇಶದ ಉದ್ದಗಲಕ್ಕೂ ಇದೆ, ಅದನ್ನು ತರುವುದು ಇಂಥ ನಿಂತ ನೀರಿನ ಸೊಳ್ಳೆಯೇ.

ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ ಹಾಸಿ ಮೇಲೆ ಮರದ ಚಕ್ಕೆ ಹರಡುವ ಪದ್ಧತಿ ತೋಟಕ್ಕೆ ತುಂಬ ಒಳ್ಳೆಯದು. ಮನೆಗೆ ಅಂಟಿದ ಡೆಕ್ಕಿನಡಿ ನಾನು ಅದನ್ನು ಮಾಡಲಾರೆ. ಒದ್ದೆ ರಟ್ಟು, ಒದ್ದೆ ಚಕ್ಕೆ ಗೆದ್ದಲಿಗೆ ಬಡಿಸಿಟ್ಟ ಊಟ, ದಕ್ಷಿಣದ ರಾಜ್ಯಗಳಲ್ಲಂತೂ ಕೇಳುವುದೇ ಬೇಡ. ಬೆಂಕಿಯ ಸೀಮೆಯಲ್ಲಿ ಮರದ ಚಕ್ಕೆಗೂ ಒಣಹುಲ್ಲಿಗೂ ಹೆಚ್ಚು ವ್ಯತ್ಯಾಸವಿಲ್ಲ.

ಕೀಳುವುದು, ಕಡಿಯುವುದು, ಮುಚ್ಚುವುದು

ಮಳೆ ಬಂದ ಮರುದಿನ ಕೆಲಸ ಶುರು ಮಾಡಿ. ಆಳು ಕೂರುವಷ್ಟು ಎತ್ತರವಿದ್ದರೆ ಚಪ್ಪಟೆ ಬಾಯಿಯ ಸನಿಕೆಯನ್ನು ನೆಲಕ್ಕೆ ಬಹುತೇಕ ಮಲಗಿಸಿ, ಎರಡು ಇಂಚು ಆಳದಲ್ಲಿ ಹುಲ್ಲನ್ನು ಬೇರಿನ ಚಾಪೆಯ ಸಮೇತ ಎಬ್ಬಿಸಿ ಸುರುಳಿ ಸುತ್ತಿ ಎಳೆಯಬಹುದು. ತಗ್ಗಿನಲ್ಲಾದರೆ ಉದ್ದ ಹಿಡಿಯ, ಹಿಂದಕ್ಕೂ ಮುಂದಕ್ಕೂ ಕೊಯ್ಯುವ ಚೌಕಟ್ಟಿನ ಬಾಯಿಯ ಕಳೆಗುದ್ದಲಿ ಸಿಗುತ್ತದೆ, ಹೊರಗೆ ನಿಂತೇ ಐದಾರು ಅಡಿ ಒಳಗಿನದನ್ನು ಕೆರೆಯಬಹುದು. ರೋಟೊಟಿಲ್ಲರ್ ಬಾಡಿಗೆಗೆ ತರುವ ಆಸೆ ಬಿಡಿ. ಗರಿಕೆಯನ್ನೂ ಕೊನ್ನಾರಿಯನ್ನೂ ಕೊಚ್ಚಿ ಕೊಚ್ಚಿ ನೆಟ್ಟಂತಾಗುತ್ತದೆ.

ಈಗ ಅಂಚು. ಎಲ್ಲದಕ್ಕಿಂತ ಹೆಚ್ಚು ಸಮಯ ಇಲ್ಲಿಗೇ ಕೊಡಿ. ಡೆಕ್ಕಿನ ಹೊರ ಅಂಚಿಗಿಂತ ಒಂದು ಅಡಿ ಆಚೆಗೆ, ಲಾನಿನ ಒಳಗೇ, ಸುತ್ತಲೂ ಒಂದು ಕಾಲುವೆ ತೋಡಿ. ಫೆಸ್ಕ್ಯೂ ಲಾನಾದರೆ ನಾಲ್ಕು ಇಂಚು ಆಳ ಸಾಕು, ಗರಿಕೆಯಾದರೆ ಆರರಿಂದ ಎಂಟು ಇಂಚು ಬೇಕು. ಕಾಲುವೆಯಲ್ಲಿ ಲೋಹದ ಪಟ್ಟಿಯನ್ನೋ ದಪ್ಪ ಪ್ಲಾಸ್ಟಿಕ್ ತಡೆಯನ್ನೋ ನಿಲ್ಲಿಸಿ, ಅರ್ಧದಿಂದ ಒಂದು ಇಂಚು ನೆಲದ ಮೇಲೆ ಕಾಣುವಂತೆ ಬಿಟ್ಟು ಮಣ್ಣು ತುಂಬಿ. ಪೂರ್ತಿ ಹೂತುಬಿಟ್ಟರೆ ಗರಿಕೆಯ ಬಳ್ಳಿ ಅದರ ಮೇಲೆಯೇ ಸೇತುವೆ ಕಟ್ಟಿಕೊಂಡು ದಾಟುತ್ತದೆ. ಒಂದು ಅಡಿ ಆಚೆಗೆ ಎಂದದ್ದಕ್ಕೂ ಕಾರಣವಿದೆ: ಹುಲ್ಲು ಕತ್ತರಿಸುವ ಯಂತ್ರದ ಗಾಲಿ ಆ ಪಟ್ಟಿಯ ಪಕ್ಕದಲ್ಲಿ ಸರಾಗ ಹೋಗುತ್ತದೆ, ದಾರದ ಕಟರ್ ಹಿಡಿದು ಡೆಕ್ಕಿನ ಕಂಬದ ಬುಡ ಗೀಚುವುದು ತಪ್ಪುತ್ತದೆ. ಲಾನ್ ನೋಡಿಕೊಳ್ಳಲು ಬರುವವರಿಗೆ ಆ ಕಡೆಗೆ ಗೊಬ್ಬರ ಎರಚಬೇಡಿ ಎಂದು ಹೇಳುವುದನ್ನು ಮರೆಯಬೇಡಿ.

ಕಿತ್ತ ಮೇಲೆ ನೆಲದ ಇಳಿಜಾರು ನೋಡಿ. ಮನೆಯಿಂದ ಹೊರಕ್ಕೆ ಮೊದಲ 10 ಅಡಿಯಲ್ಲಿ 6 ಇಂಚು ಇಳಿಯಬೇಕೆಂಬುದು ಅಮೆರಿಕದ ಮನೆ ಕಟ್ಟುವ ನಿಯಮ. ವರ್ಷಗಳು ಕಳೆದಂತೆ ಅಡಿಪಾಯದ ಬಳಿಯ ಮಣ್ಣು ಕುಸಿದು ನೀರು ಮನೆಯ ಕಡೆಗೇ ತಿರುಗಿರುತ್ತದೆ. ಹುಲ್ಲಿಲ್ಲದ ನೆಲ ಈಗ ನಿಮ್ಮ ಮುಂದಿದೆ, ಸರಿಪಡಿಸಲು ಇಷ್ಟು ಒಳ್ಳೆಯ ಸಮಯ ಮತ್ತೆ ಬರುವುದಿಲ್ಲ.

ಮೇಲೆ ಹಾಸಲು ಲ್ಯಾಂಡ್‌ಸ್ಕೇಪ್ ಫ್ಯಾಬ್ರಿಕ್, ಅಂದರೆ ನೀರು ಬಿಡುವ, ಬೆಳಕು ಬಿಡದ ಬಟ್ಟೆ. ತೆಳ್ಳಗಿನ ಅಗ್ಗದ್ದು ಎರಡು ವರ್ಷಕ್ಕೆ ಪುಡಿಯಾಗುತ್ತದೆ. ರಸ್ತೆ, ಚರಂಡಿ ಕೆಲಸಕ್ಕೆ ಬಳಸುವ ದಪ್ಪ ಜಿಯೋಟೆಕ್ಸ್‌ಟೈಲ್ ತನ್ನಿ. ತೋಟದಲ್ಲಿ ಈ ಬಟ್ಟೆಯನ್ನು ನಾನು ಶಿಫಾರಸು ಮಾಡುವುದಿಲ್ಲ, ಮಣ್ಣಿನ ಉಸಿರು ಕಟ್ಟಿಸುತ್ತದೆ. ಏನೂ ಬೆಳೆಯಬಾರದ ಜಾಗಕ್ಕೆ ಮಾತ್ರ ಇದು ತಕ್ಕದ್ದು. ಒಂದು ತುಂಡು ಮತ್ತೊಂದರ ಮೇಲೆ ಕನಿಷ್ಠ ಆರು ಇಂಚು ಬರುವಂತೆ ಹಾಸಿ, ಯು ಆಕಾರದ ಉದ್ದ ಪಿನ್ನುಗಳಿಂದ ನೆಲಕ್ಕೆ ಹೊಲಿಯಿರಿ. ಕಂಬದ ಸುತ್ತ ಸೀಳಿದ ಕಡೆ ಇನ್ನೊಂದು ಚೌಕ ತುಂಡು ಮೇಲೆ ಹಾಕಿ. ಕೊನ್ನಾರಿ ಮೊದಲು ಹುಡುಕುವುದು ಆ ಸೀಳನ್ನೇ.

ಬಟ್ಟೆಯ ಮೇಲೆ ಮೂರು ಇಂಚು ಜಲ್ಲಿ. ಇಲ್ಲಿ ಮುಕ್ಕಾಲು ಇಂಚಿನ ಕ್ರಷ್ಡ್ ಸ್ಟೋನ್ ಎಂದು ಮಾರುವುದು ಹೆಚ್ಚುಕಡಿಮೆ ನಮ್ಮೂರಿನ ಕಾಂಕ್ರೀಟಿಗೆ ಹಾಕುವ 20 ಎಂ.ಎಂ. ಜಲ್ಲಿಯೇ. ಮೂಲೆಗಳಿರುವ ಕಲ್ಲು ಒಂದಕ್ಕೊಂದು ಕಚ್ಚಿ ಕೂರುತ್ತದೆ. ನುಣ್ಣನೆಯ ಗುಂಡು ಕಲ್ಲು ಚಂದ ಕಂಡರೂ ಕಾಲಿಗೆ ಜಾರುತ್ತದೆ, ಇಳಿಜಾರಿನಲ್ಲಿ ಲಾನಿಗೆ ಉರುಳುತ್ತದೆ. ಲೆಕ್ಕ ಹೀಗೆ: 12 ಅಡಿಗೆ 16 ಅಡಿಯ ಡೆಕ್ ಅಂದರೆ 192 ಚದರ ಅಡಿ, ಮೂರು ಇಂಚು ದಪ್ಪಕ್ಕೆ 48 ಘನ ಅಡಿ, ಅಂದರೆ ಎರಡು ಘನ ಗಜಕ್ಕೆ ತುಸು ಕಡಿಮೆ, ತೂಕ ಸುಮಾರು ಎರಡೂವರೆ ಟನ್. ಚೀಲದಲ್ಲಿ ಕೊಂಡರೆ ಜೇಬಿಗೂ ಬೆನ್ನಿಗೂ ಹೊರೆ. ಲೋಡಿನಲ್ಲಿ ತರಿಸಿ ಡ್ರೈವ್‌ವೇ ಮೇಲೆ ಸುರಿಸಿಕೊಳ್ಳಿ. ಮನೆಮಾಲೀಕರ ಸಂಘವಿರುವ ಬಡಾವಣೆಯಾದರೆ ರಾಶಿ ಎಷ್ಟು ದಿನ ಇರಬಹುದೆಂದು ಮೊದಲೇ ವಿಚಾರಿಸಿ, ಇಲ್ಲವಾದರೆ ಮೂರನೇ ದಿನಕ್ಕೆ ಕಾಗದ ಬರುತ್ತದೆ.

ಜಲ್ಲಿ ಹಾಕುವಾಗ ಮರದ ಕಂಬದ ಬುಡ, ಅದನ್ನು ಹಿಡಿದಿರುವ ಲೋಹದ ಪಾದ ಮುಚ್ಚಿಹೋಗಬಾರದು. ಮನೆಯ ಗೋಡೆಯ ಹೊರಹೊದಿಕೆ, ಇಟ್ಟಿಗೆ ಗೋಡೆಯ ಬುಡದ ಸಣ್ಣ ತೂತುಗಳು, ಬಟ್ಟೆ ಒಣಗಿಸುವ ಯಂತ್ರದ ಹೊಗೆಬಾಯಿ ಇವೂ ತೆರೆದೇ ಇರಬೇಕು. ಅಡಿಪಾಯದ ಕಾಂಕ್ರೀಟು ನಾಲ್ಕಾರು ಇಂಚಾದರೂ ಕಾಣುತ್ತಿದ್ದರೆ ಗೆದ್ದಲಿನ ಮಣ್ಣುದಾರಿ ಮೇಲೆ ಹತ್ತುವಾಗ ಕಣ್ಣಿಗೆ ಬೀಳುತ್ತದೆ.

ಕೈ ತೂರದ ಡೆಕ್

ನೆಲದಿಂದ ಒಂದು ಅಡಿಯೂ ಇಲ್ಲದ ಡೆಕ್ಕುಗಳಿವೆ. ಅಲ್ಲಿ ಮೇಲಿನಿಂದಲೇ ಹೋಗಬೇಕು. ಹಲಗೆಯನ್ನು ಸ್ಕ್ರೂ ಹಾಕಿ ಕೂರಿಸಿದ್ದರೆ ನಕ್ಷತ್ರಾಕಾರದ ಟಿ25 ಬಿಟ್ಟಿನಿಂದ ಬಿಚ್ಚಬಹುದು, ಬಹುತೇಕ ಡೆಕ್ ಸ್ಕ್ರೂಗಳಿಗೆ ಅದೇ ಹೊಂದುತ್ತದೆ. ನಾಲ್ಕೈದು ಹಲಗೆಗೊಂದು ಎತ್ತಿದರೆ ಕೆರೆಯಲೂ ಬಟ್ಟೆ ಎಳೆಯಲೂ ಜಲ್ಲಿ ಸುರಿಯಲೂ ದಾರಿಯಾಗುತ್ತದೆ. ಎತ್ತುವ ಮೊದಲು ಸೀಮೆಸುಣ್ಣದಲ್ಲಿ ನಂಬರು ಬರೆಯಿರಿ. ಮೊಳೆ ಹೊಡೆದ ಹಳೆಯ ಹಲಗೆಯಾದರೆ ಎತ್ತುವಾಗ ಸೀಳುವ ಸಂಭವ ಹೆಚ್ಚು, ಹೊಸ ಹಲಗೆ ಕೊಳ್ಳಲು ಸಿದ್ಧರಿರಿ. ಕಾಂಪೊಸಿಟ್ ಹಲಗೆಗಳನ್ನು ಹಲವು ಕಡೆ ಬದಿಯ ತೋಡಿನಲ್ಲಿ ಅಡಗಿದ ಕ್ಲಿಪ್ಪುಗಳಿಂದ ಒಂದಕ್ಕೊಂದು ಕಟ್ಟಿರುತ್ತಾರೆ. ನಡುವಿನದೊಂದನ್ನೇ ಎತ್ತಲಾಗದು, ಅಂಚಿನಿಂದ ಸಾಲಾಗಿ ಬಿಚ್ಚಿಕೊಂಡು ಬರಬೇಕು. ಅಂಥ ಡೆಕ್ಕಿಗೆ ಕೈ ಹಾಕುವ ಬದಲು ಅಂಚಿನ ತಡೆಯೊಂದನ್ನೇ ಗಟ್ಟಿಯಾಗಿ ಮಾಡಿ, ಬದಿಗಳಿಗೆ ಗಾಳಿಯಾಡುವ ಜಾಲರಿ ಹಲಗೆ ಹೊಡೆದು ಓರೆ ಬಿಸಿಲು ತಡೆದು, ಒಂದು ವರ್ಷ ಕಾದು ನೋಡಿ ಎನ್ನುತ್ತೇನೆ. ಗರಿಕೆಯಾಗಿದ್ದರೆ ಒಳಗಿನದು ತಾನಾಗಿ ಸೊರಗುತ್ತದೆ.

ಸಂದಿಯಲ್ಲಿ ಹುಲ್ಲು ಕಂಡ ಮಾತ್ರಕ್ಕೆ ಅದು ನೆಲದಿಂದಲೇ ಬಂದದ್ದೆಂದೂ ಅಲ್ಲ. ಹಲಗೆಗಳ ನಡುವೆ, ತೊಲೆಯ ನೆತ್ತಿಯ ಮೇಲೆ ಎಲೆ, ಧೂಳು, ಮೇಪಲ್ ಬೀಜ ಸೇರಿ ಗೊಬ್ಬರವಾಗಿ ಅಲ್ಲೇ ಮೊಳೆಯುತ್ತವೆ. ಎಳೆದಾಗ ಅಂಗೈಯಷ್ಟು ಬೇರು ಕಪ್ಪು ಮಣ್ಣಿನೊಂದಿಗೆ ಮೇಲೆಯೇ ಕಿತ್ತುಬಂದರೆ ಅದೇ ಕಥೆ. ಪುಟ್ಟಿ ಹಚ್ಚುವ ತಗಡಿನಿಂದ ಸಂದಿ ಕೆರೆದು ತೊಳೆದರೆ ಮುಗಿಯಿತು, ಕೆಳಗಿಳಿಯುವ ಅಗತ್ಯವೇ ಇಲ್ಲ.

ಔಷಧಿಯ ಮಾತು

ಕಳೆನಾಶಕವನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಫೆಸ್ಕ್ಯೂ, ಸ್ಟಿಲ್ಟ್‌ಗ್ರಾಸ್‌ಗೆ ಅದರ ಅಗತ್ಯವಿಲ್ಲ. ಬೇರೂರಿದ ಗರಿಕೆಗೆ ಕೆಲವೊಮ್ಮೆ ಬೇಕಾಗುತ್ತದೆ. ಬೇರಿಗೆ ಇಳಿಯುವ ಔಷಧಿ ಹಸಿರಾಗಿ ಬೆಳೆಯುತ್ತಿರುವ ಎಲೆಯಿಂದಲೇ ಒಳಹೋಗಬೇಕು; ಆದ್ದರಿಂದ ಕತ್ತರಿಸಿದ ಮರುದಿನ, ಬರಗಾಲದಲ್ಲಿ, ಹಿಮ ಬಿದ್ದ ಮೇಲೆ ಸಿಂಪಡಿಸಿದರೆ ವ್ಯರ್ಥ. ಗರಿಕೆಗೆ ಬೇಸಿಗೆಯ ಕೊನೆ ಸರಿಯಾದ ಕಾಲ, ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ. ಇಂಥ ಔಷಧಿಯಾದ ಗ್ಲೈಫೊಸೇಟನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರಬಲ್ಲ ವಸ್ತುಗಳ ಗುಂಪಿಗೆ ಸೇರಿಸಿತು. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಹಾಗೆ ಒಪ್ಪಿಲ್ಲ. ಈ ವಾದದಲ್ಲಿ ನೀವು ಯಾವ ಕಡೆಯಾದರೂ ಇರಿ, ಡಬ್ಬಿಯ ಹೆಸರನ್ನು ನಂಬದೆ ಹಿಂದಿನ ಸಣ್ಣ ಅಕ್ಷರ ಓದಿ. ರೌಂಡಪ್ ಎಂಬ ಹೆಸರಿನಲ್ಲೇ ಮನೆತೋಟಕ್ಕೆ ಮಾರುವ ಡಬ್ಬಿಗಳಲ್ಲಿ 2023ರಿಂದೀಚೆಗೆ ಗ್ಲೈಫೊಸೇಟಿನ ಬದಲು ಬೇರೆ ಔಷಧಿಗಳು ಬರತೊಡಗಿವೆ. "ತಿಂಗಳುಗಟ್ಟಲೆ ಕಳೆ ಬಾರದು" ಎಂದು ಬರೆದ ಡಬ್ಬಿಯಲ್ಲಿ ಮಣ್ಣಿನಲ್ಲೇ ಉಳಿಯುವ ಔಷಧಿ ಬೆರೆತಿರುತ್ತದೆ. ಪಕ್ಕದ ಮೇಪಲ್, ಗುಲಾಬಿಯ ಬೇರು ಡೆಕ್ಕಿನಡಿಗೂ ಬಂದಿರುತ್ತದೆಂಬುದನ್ನು ನೆನಪಿಡಿ. ಕೊನ್ನಾರಿಗೆ ಹುಲ್ಲಿನ ಔಷಧಿ ಹತ್ತುವುದಿಲ್ಲ, ಹ್ಯಾಲೊಸಲ್ಫ್ಯೂರಾನ್ ಎಂಬ ಬೇರೆಯದೇ ಇದೆ. ಹಲಗೆಯ ಸಂದಿಯಿಂದ ಕೆಳಕ್ಕೆ ಸುರಿಯುವುದು ಸುಲಭವೆನ್ನಿಸಿದರೂ ಬೇಡ. ಅರ್ಧ ಔಷಧಿ ಹಲಗೆಯ ಮೇಲೇ ಒಣಗುತ್ತದೆ, ಅದರ ಮೇಲೆ ಮಗು ಅಂಬೆಗಾಲಿಡುತ್ತದೆ.

ಜಲ್ಲಿ ಹಾಕಿ ವರ್ಷ ಕಳೆದ ಮೇಲೂ ಅಲ್ಲೊಂದು ಇಲ್ಲೊಂದು ಬುಡ ಏಳುತ್ತದೆ. ಅವು ಹೆಚ್ಚಾಗಿ ಬಟ್ಟೆಯ ಮೇಲೆ ಬಿದ್ದ ಎಲೆಯ ಗೊಬ್ಬರದಲ್ಲಿ ಹುಟ್ಟಿದವು, ಎರಡು ಬೆರಳಿಗೆ ಬರುತ್ತವೆ. ನವೆಂಬರಿನಲ್ಲಿ ಎಲೆ ಉದುರಿ ಮುಗಿದಾಗ ಬ್ಲೋವರ್ ಹಿಡಿದು ಡೆಕ್ಕಿನಡಿಯನ್ನೂ ಒಮ್ಮೆ ಊದಿಬಿಟ್ಟರೆ ಮುಂದಿನ ವರ್ಷದ ಅರ್ಧ ಕಳೆ ತಪ್ಪಿತು. ಏಪ್ರಿಲಿನಲ್ಲಿ ಅಂಚಿನ ಪಟ್ಟಿಯುದ್ದಕ್ಕೂ ನಡೆದು, ದಾಟಿಬಂದ ಬಳ್ಳಿಗಳನ್ನು ಕತ್ತರಿಸಿ. ಹೇಗೂ ಬಗ್ಗಿದ್ದೀರಿ, ಟಾರ್ಚು ಹಾಕಿ ಮನೆಗೋಡೆಗೆ ಡೆಕ್ಕನ್ನು ಹಿಡಿದಿರುವ ಲೆಡ್ಜರ್ ಹಲಗೆಯ ಬೋಲ್ಟುಗಳನ್ನೂ ನೋಡಿ. ತುಕ್ಕು ಹಿಡಿದು ಸೋರಿದ ಕಂದು ಗೆರೆಯಿದ್ದರೆ, ಸ್ಕ್ರೂಡ್ರೈವರ್ ಚುಚ್ಚಿದಾಗ ಮರ ಮೆತ್ತಗೆ ಒಳಗೆ ಬಿಟ್ಟುಕೊಂಡರೆ, ಹುಲ್ಲಿನ ಕೆಲಸ ಅಲ್ಲಿಗೇ ನಿಲ್ಲಿಸಿ ಡೆಕ್ ಕಟ್ಟುವವರಿಗೆ ಫೋನ್ ಮಾಡಿ. ಅವರು ಬಂದು ನೋಡುವವರೆಗೆ ಮೇಲೆ ಹತ್ತು ಜನ ಸೇರುವ ಊಟ ಇಟ್ಟುಕೊಳ್ಳಬೇಡಿ.